ನಂಬರು ತಿದ್ದಿದ ಡಬ್ಬಗಳು

ಟೆಂಟ್ ಸಿನಿಮಾ ಮುಚ್ಚಿದ ಮೇಲೆ ಮುದಿ ಆಪರೇಟರ್ ಒಂದು ಚಿತ್ರದ ರೀಲಿನ ಡಬ್ಬಗಳನ್ನು ಅಟ್ಟದಿಂದ ಇಳಿಸಿರಲೇ ಇಲ್ಲ. ಒಬ್ಬಳಿಗಾಗಿ ಅಣ್ಣತಮ್ಮಂದಿರು ಹೊಡೆದಾಡುವ ಆ ಕಪ್ಪುಬಿಳುಪು ಚಿತ್ರದ ಉಳಿದ ಒಂದೇ ಪ್ರತಿ ಇದೆಂದು, ಹಳೇ ಸಿನಿಮಾ ಸಂಗ್ರಹಿಸುವವನೊಬ್ಬ ಹುಡುಕಿಕೊಂಡು ಬಂದು ಬಿಚ್ಚಿಸಿದ.

"ಯಜಮಾನ್ರೇ, ಕೊನೇ ಎರಡು ಡಬ್ಬದ ನಂಬರು ತಿದ್ದಿದೀರಲ್ಲ! ಅಣ್ಣ ತಮ್ಮನ್ನ ಹೊಳೆಗೆ ನೂಕೋದೇ ಕಥೆಯ ಕೊನೆ. ನಿಮ್ಮದ್ರಲ್ಲಿ ನೂಕಿದ ಮೇಲೆ ತಮ್ಮ ನಗ್ತಾ ಮನೆಗೆ ಬರ್ತಾನೆ."

"ಬೇಕಂತಲೇ ಹಂಗೆ ಓಡಿಸ್ದೆ ಸಾರ್." ಮುದುಕ ಡಬ್ಬದ ಮುಚ್ಚಳ ಮುಚ್ಚಿದ. "ಆಗಷ್ಟೇ ನನ್ನ ತಮ್ಮ ಹೊಳೇಲಿ ಜಾರಿ ಬಿದ್ದು ಹೋಗಿದ್ದ. ಅವನಿಗೆ ಗೊತ್ತು ಮಾಡಿದ್ದ ಹುಡುಗಿ ದಿನಾ ಟೆಂಟಿಗೆ ಬರೋಳು. ಅವನೇ ವಾಪಸ್ ಬಂದಂಗೆ ಕಂಡು ಸಮಾಧಾನ ಆಗ್ಲಿ ಅಂತ. ಆಮೇಲೆ ಅವಳನ್ನ ನಾನೇ ಮದುವೆಯಾದೆ."

ಅಷ್ಟರಲ್ಲಿ ಹೆಂಡತಿ ಮೂರು ಲೋಟ ಕಾಫಿ ತಂದಳು. ಬಂದವನಿಗೊಂದು, ಗಂಡನಿಗೊಂದು, ನಲವತ್ತು ವರ್ಷದಿಂದ ದಿನವೂ ಇಡುವಂತೆ ಬಾಗಿಲ ಬಳಿ, ಸತ್ತ ಮೈದುನನಿಗೊಂದು. ಆ ಲೋಟದ ಕಡೆ ಮುದುಕ ಎಂದೂ ನೋಡಿದವನಲ್ಲ.

"ನಾನು ಸಿನಿಮಾ ನೋಡೋಕೆ ಹೋಗ್ತಿರಲಿಲ್ಲಪ್ಪ," ಎಂದಳು ಅವಳು. "ತಮ್ಮನ್ನ ನೂಕೋ ಹೊತ್ತಿಗೆ ಹಿಂದೆ ತಿರುಗಿ, ಮಿಷಿನ್ ಬೆಳಕಲ್ಲಿ ಇವರ ಮುಖ ನೋಡೋಕೆ ಹೋಗ್ತಿದ್ದೆ."