ಕೊನೆಯ ಸಾಲಿನ ಫೋನು

ಕಳ್ಳತನ ನಡೆದಿರುವುದು ಖಂಡಿತ. ಕಳ್ಳಿ ಯಾರೆಂಬುದೂ ಖಂಡಿತ. ಅಮಾನತು ಪತ್ರಕ್ಕೆ ಸಹಿ ಹಾಕಿ, ಪೆನ್ನಿನ ಮುಚ್ಚಳ ತಿರುವಿದರು ಆಸ್ಪತ್ರೆಯ ಆಡಳಿತಾಧಿಕಾರಿ ಮಹಾಬಲ.

ಅಷ್ಟರಲ್ಲಿ ಮೇಜಿನ ಫೋನು ಬಡಿದುಕೊಂಡಿತು. ದುಬೈಯಿಂದ ಚೇರ್ಮನ್ ಕಮರುದ್ದೀನ್ ಹಾಜಿ.

"ಮಹಾ... ಎಂತ... ಸ್ಪತ್ರೆ... ಕೇಳ್ತಾ..."

"ಹಲೋ! ಹಲೋ ಹಾಜಿಯವರೇ!"

ಕಟ್. ವಾರದಿಂದ ಇದೇ ರಗಳೆ. ಗಂಟೆಯೇನೋ ಖಣಖಣ ಬಡಿದುಕೊಳ್ಳುತ್ತದೆ, ರಿಸೀವರ್ ಎತ್ತಿದರೆ ಮಾತು ಚೂರುಚೂರು. ನಾಲ್ಕೂ ಮಹಡಿಗಳಲ್ಲಿ ಇದೇ ಅವಸ್ಥೆ. ಬೆಳಿಗ್ಗೆ ಬೆಂಗ್ರೆಯಿಂದ ಎದೆನೋವಿನವರ ಮನೆಯವರು ತುರ್ತು ಚಿಕಿತ್ಸೆಯ ವಿಭಾಗಕ್ಕೆ ಮೂರು ಸಲ ಫೋನು ಮಾಡಿದರೂ ವಿಳಾಸ ಯಾರಿಗೂ ಕೇಳಿಸಲಿಲ್ಲ. ಕೊನೆಗೆ ಸ್ವಾಗತದ ಮೇಜಿಗೆ ಮಾಡಿದರು. ಅಲ್ಲಿ ಕೂರುವ ಮಾರ್ಸೆಲಿನ್ ವಿಳಾಸ ಬರೆದುಕೊಂಡು ಆಂಬುಲೆನ್ಸ್ ಕಳಿಸಿದಳು. ಜೀವ ಉಳಿಯಿತು. ಚೇರ್ಮನ್ ಮಾತ್ರ ಕೆಂಡವಾಗಿದ್ದರು. ತಪ್ಪು ಯಾರದ್ದೆಂದು ಇವತ್ತೇ ತಿಳಿಯಬೇಕು, ತಪ್ಪಿತಸ್ಥರು ಇವತ್ತೇ ಮನೆಗೆ ಹೋಗಬೇಕು ಎಂದು ಮೆಸೇಜು ಕಳಿಸಿದ್ದರು.

ಮಾರ್ಸೆಲಿನ್ ಒಬ್ಬಳ ಫೋನು ಮಾತ್ರ ಎದುರೇ ಕೂತು ಮಾತಾಡಿದಂತೆ ಕೇಳಿಸುವುದು ಹೇಗೆ? ಹತ್ತೊಂಬತ್ತು ವರ್ಷ ಅದೇ ಕುರ್ಚಿಗೆ ಅಂಟಿಕೊಂಡ ಹೆಂಗಸು. ಒಮ್ಮೆ ಅಪಘಾತದ ಕರೆಯೊಂದು ಬಂತೆಂದು ಸಾಕ್ಷಾತ್ ಮಹಾಬಲರ ಕರೆಯನ್ನೇ ಕಾಯಿಸಿದ್ದಳು! ಆ ಉರಿ ಅವರ ಹೊಟ್ಟೆಯಲ್ಲಿ ಇನ್ನೂ ಆರಿರಲಿಲ್ಲ.

ಹತ್ತು ದಿನದ ಹಿಂದೆ ಹಳೆಯ ತಂತಿ ಕಿತ್ತು ಇಂಟರ್ನೆಟ್ ಫೋನು ಹಾಕಿಸಿದಾಗ, ನೆಟ್‌ವರ್ಕ್ ನೋಡಿಕೊಳ್ಳುವ ತೊಕ್ಕೊಟ್ಟಿನ ಇಜಾಝ್ ವಿವರಿಸಿದ್ದ. ಗಂಟೆ ಹೊಡೆಸಲು ಒಂದು ಪುಟ್ಟ ಸಂದೇಶ ಬೇರೆಯಾಗಿಯೇ ಹೋಗುತ್ತದೆ. ಮಾತು ಆಮೇಲೆ ಚೂರುಗಳಾಗಿ ಹೊರಡುತ್ತದೆ. ದಾರಿ ಕಿಕ್ಕಿರಿದಾಗ ಮೊದಲ ಸಾಲಿನ ಚೂರುಗಳನ್ನು ಮೊದಲು ಬಿಡುತ್ತಾರೆ.

"ಮೊದಲ ಸಾಲಿಗೆ ಯಾರ್ಯಾರು, ಪಟ್ಟಿ ಕೊಡಿ ಸರ್. ಆದ್ರೆ ಆ ಸಾಲಿನಲ್ಲಿ..."

"ನಿನ್ನ ಪುರಾಣ ಸಾಕು ಮಾರಾಯ. ಪಟ್ಟಿ ಸಿಗ್ತದೆ."

ಪಟ್ಟಿಯೆಂದರೆ ಪಟ್ಟಿ! ತಲೆಯ ಮೇಲೆ ಮಹಾಬಲರದ್ದೇ ಹೆಸರು. ಮೂಳೆ ಡಾಕ್ಟರರನ್ನು ಸೇರಿಸಿದ್ದಕ್ಕೆ ಕಣ್ಣಿನ ಡಾಕ್ಟರರು ಮುಖ ಊದಿಸಿಕೊಂಡರು. ಕ್ಯಾಂಟೀನಿನವನು ಚೇರ್ಮನ್‌ರ ಭಾವಮೈದುನ, ಅವನನ್ನು ಬಿಡುವುದುಂಟೇ? ಮರ್ಯಾದೆ ಹಂಚುವುದರಲ್ಲಿ ಎರಡು ದಿನ ಹೋಯಿತು. ಮಾರ್ಸೆಲಿನ್ ಹೆಸರಿನ ಮುಂದೆ ಮಾತ್ರ ಕೆಂಪು ಶಾಯಿಯಲ್ಲಿ 'ಕೊನೆಯ ಸಾಲು' ಎಂದು ಬರೆದು, ಸಂತೋಷದಿಂದ ಎರಡು ಗೆರೆ ಎಳೆದಿದ್ದರು.

"ಎಲ್ಲಿ ಹಾಕಿದ್ರೂ ಕೆಲಸ ಮಾಡ್ತೇನೆ ಸರ್," ಅಂದಿದ್ದಳು ಅವಳು.

ಮಾಡಿದಳಲ್ಲ ಕೆಲಸ! ಹಿಂಬಾಗಿಲಿನಿಂದ ಮೊದಲ ಸಾಲಿಗೆ ನುಗ್ಗಿ ಉಳಿದವರ ಮಾತನ್ನೆಲ್ಲ ನುಂಗುತ್ತಿದ್ದಾಳೆ. ಮಹಾಬಲ ಪತ್ರ ಹಿಡಿದು, ಇಜಾಝ್‌ನನ್ನೂ ಕರೆದುಕೊಂಡು ದಡದಡ ಕೆಳಗಿಳಿದರು.

ಮಾರ್ಸೆಲಿನ್ ಪತ್ರ ಓದಿದಳು. "ನಾನು ಎಂತ ಮಾಡಿದ್ದು ಸರ್?"

ಅವಳ ಫೋನು ರಿಂಗಾಯಿತು. ಎತ್ತಿದವಳು ಕಣ್ಣೊರೆಸಿಕೊಂಡು ಹೇಳಿದಳು, "ಹಾಜಿಯವರು. ನಿಮ್ಮ ಫೋನಿನಲ್ಲಿ ಎಂತದೂ ಕೇಳುದಿಲ್ಲ ಅಂತೆ."

"ಸ್ಪೀಕರ್ ಹಾಕು. ಎಲ್ಲರಿಗೂ ಕೇಳ್ಲಿ."

ಮಹಾಬಲ ಗಂಟಲು ಸರಿಮಾಡಿಕೊಂಡರು. "ಹಾಜಿಯವರೇ, ಫೋನು ಹಾಳು ಮಾಡಿದವರು ಸಿಕ್ಕಿದ್ರು. ಪತ್ರಕ್ಕೆ ಸಹಿ ಆಗಿದೆ."

"ಒಳ್ಳೇದು. ಹಾಳು ಮಾಡಿದ್ದು ಹೇಗೆ?"

"ಇಜಾಝ್, ನೀನೇ ಹೇಳು. ಇವಳು ಮೊದಲ ಸಾಲಿಗೆ ನುಗ್ಗಿದ್ದು ಹೇಗೆ ಅಂತ."

ಇಜಾಝ್ ಲ್ಯಾಪ್‌ಟಾಪ್ ತೆರೆದ. ತಲೆ ಕೆರೆದುಕೊಂಡ.

"ಇವರು ನುಗ್ಗಲಿಲ್ಲ ಸರ್. ಇವರು ಈಗ್ಲೂ ಕೊನೆಯ ಸಾಲಿನಲ್ಲೇ ಇದ್ದಾರೆ."

"ಎಂತ?"

"ಮೊದಲ ಸಾಲಿನಲ್ಲಿ ಇರುವುದು ಹತ್ತು ಜನ ಮಾತಾಡುವಷ್ಟೇ ಜಾಗ. ಹೆಚ್ಚಾದ ಚೂರುಗಳನ್ನು ಮೆಷಿನ್ ಬಿಸಾಡ್ತದೆ. ಅದನ್ನೇ ಆವತ್ತು ಹೇಳ್ಲಿಕ್ಕೆ ಹೊರಟದ್ದು, ನೀವು ಪುರಾಣ ಅಂದ್ರಿ. ಆಸ್ಪತ್ರೆಯಲ್ಲಿ ಒಟ್ಟು ನಲವತ್ತೆರಡು ಫೋನು. ಪಟ್ಟಿಯ ಪ್ರಕಾರ ಮೊದಲ ಸಾಲಿನಲ್ಲಿ ನಲವತ್ತೊಂದು ಉಂಟು. ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರು ಯಾರು? ಕೊನೆಯ ಸಾಲು ಅಗಲದ ರಸ್ತೆ ಸರ್. ಅಲ್ಲಿರುವ ಫೋನು ಇದೊಂದೇ."

ಮಹಾಬಲ ಸ್ಪೀಕರ್ ಆರಿಸಲು ಕೈ ಚಾಚಿದರು, ಯಾವ ಗುಂಡಿಯೆಂದು ತಿಳಿಯಲಿಲ್ಲ. ಮಾರ್ಸೆಲಿನ್ ತೋರಿಸಿಕೊಡಲಿಲ್ಲ.

"ಪಟ್ಟಿ ಮಾಡಿದ್ದು ಯಾರು?" ದುಬೈಯಿಂದ ಪ್ರಶ್ನೆ ಬಂತು.

"ಮಹಾಬಲ ಸರ್," ಅಂದ ಇಜಾಝ್, ನೆಲ ನೋಡುತ್ತಾ. ಆ ಎರಡು ಶಬ್ದವೂ ದುಬೈಗೆ ಸರಿಯಾಗಿಯೇ ಮುಟ್ಟಿದವು.

ಮಾರ್ಸೆಲಿನ್‌ಳ ಫೋನಿನಿಂದ ಒಂದಕ್ಷರವೂ ತುಂಡಾಗದೆ ಹಾಜಿಯವರ ಮಾತು ಬಂತು: "ಮಹಾಬಲ, ಆ ಪತ್ರದಲ್ಲಿ ಹೆಸರು ಮಾತ್ರ ಬದಲಿಸಿ, ಸಹಿ ನಿಮ್ಮದೇ ಇರ್ಲಿ."