ಗಾಳಿ ಹೋದರೂ ಓಡುವ ಟೈರು

ಸತತ ನಾಲ್ಕನೆಯ ಭಾನುವಾರವೂ ಕಾರಿನ ಮುಂದಿನ ಎಡಗಡೆಯ ಟೈರು ನೆಲಕಚ್ಚಿತ್ತು. ಕ್ಲಚ್ ಮೇಷ್ಟ್ರು ಅದಕ್ಕೊಂದು ಒದೆ ಕೊಟ್ಟರು. ಕಾಲೇ ನೋಯಿತು.

ಹೆಂಡತಿ ಬಗ್ಗಿ ನೋಡಿದರು. "ಮತ್ತೆ ಮೊಳೆ ಕಣ್ರೀ. ಹೋಗ್ಲಿ ಬಿಡಿ, ಬಸ್ಸಲ್ಲಿ ಹೋಗಿ ಮೊಮ್ಮಗಳನ್ನ ಕರ್ಕೊಂಡು ಬರೋಣ."

"ಬಸ್ಸಲ್ಲಾ? ನಾನಾ?"

ಮೂವತ್ತೆಂಟು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದವರು ಕೇಳಬೇಕಾದ ಪ್ರಶ್ನೆಯೇ. ಊರಿನ ಅರ್ಧ ಜನಕ್ಕೆ ಸ್ಟೀರಿಂಗ್ ಹಿಡಿಯಲು ಕಲಿಸಿದ್ದು ಅವರು. "ಕ್ಲಚ್! ಕ್ಲಚ್!" ಎಂದು ಕಿರುಚಿ ಕಿರುಚಿ ಹೆತ್ತವರು ಇಟ್ಟ ಹೆಸರನ್ನೇ ಕಳೆದುಕೊಂಡಿದ್ದರು. ಆದರೆ ಒಂದೇ ಒಂದು ಅಪಘಾತವನ್ನೂ ಮಾಡಿದವರಲ್ಲ. ಎರಡು ತಿಂಗಳ ಹಿಂದೆ ಕಾರಿನ ಕನ್ನಡಿ ಕಿತ್ತುಹೋದದ್ದು ಲೆಕ್ಕಕ್ಕಿಲ್ಲ. ಅದು ಗೇಟಿನ ಕಂಬವನ್ನು ಅಲ್ಲಿ ನೆಟ್ಟವನ ತಪ್ಪು.

ವಾರವಿಡೀ ಕಾರು ನಿಂತಲ್ಲೇ ಇರುತ್ತಿತ್ತು, ಒಂದು ಮೊಳೆಯೂ ಅದರ ತಂಟೆಗೆ ಹೋಗುತ್ತಿರಲಿಲ್ಲ. ಮೊಮ್ಮಗಳನ್ನು ಕೂರಿಸಿಕೊಂಡು ಊರು ಸುತ್ತುವ ಭಾನುವಾರ ಮಾತ್ರ ಪಂಕ್ಚರ್! ಮೇಷ್ಟ್ರ ಅನುಮಾನ ನೇರವಾಗಿ ಮೂಲೆಯಂಗಡಿಯ ಪಂಕ್ಚರಿನವನ ಮೇಲೆ ಹೋಯಿತು. ಇವರ ಹಳೆಯ ಶಿಷ್ಯನೇ. ಹೆಂಡತಿ ಫೋನ್ ಇಡುವಷ್ಟರಲ್ಲಿ ಹಾಜರು. ಚಕ್ರ ಬಿಚ್ಚಿಕೊಂಡು ಹೋದನೆಂದರೆ ತಿರುಗಿ ತರುವುದು ಸಂಜೆಗೇ.

"ಒಂದು ಮೊಳೆ ಕೀಳೋಕೆ ಇಡೀ ದಿನ ಬೇಕೇನೋ?"

"ಅವಸರ ಮಾಡಿದ್ರೆ ಅಪಾಯ ಅಂತ ನೀವೇ ಹೇಳಿಕೊಟ್ಟಿದ್ದಲ್ವಾ ಮೇಷ್ಟ್ರೇ?" ಎಂದು ಅವನು ಹಲ್ಲು ಕಿರಿದ.

ಬುಧವಾರ ಇನ್ನೊಂದು ಆಘಾತ. ಹೆಂಡತಿ ಅಡುಗೆಮನೆಯಲ್ಲಿ ಫೋನು ಹಿಡಿದು ಪಿಸುಗುಡುತ್ತಿದ್ದರು: "ಹೂಂ, ಭಾನುವಾರ ಬೆಳಿಗ್ಗೇನೇ. ಅವರಿಗೆ ಸುಳಿವು ಸಿಗಬಾರದು ನೋಡಪ್ಪ."

ಮನೆಯೊಳಗೇ ಶತ್ರು! ಮೇಷ್ಟ್ರು ಗೋಡೆಗೆ ಒರಗಿ ಯೋಚಿಸಿದರು. ಹೆಂಡತಿಗೆ ಅರವತ್ತೈದು, ಪಂಕ್ಚರಿನವನಿಗೆ ಮೂವತ್ತು. ಪ್ರೇಮವಿರಲಾರದು ಎಂದು ಸ್ವಲ್ಪ ಅವಸರದಲ್ಲೇ ತೀರ್ಮಾನಿಸಿದರು. ಹಾಗಾದರೆ ಇದು ಅಳಿಯನ ಕಿತಾಪತಿ. ಮಾವನಿಗೆ ಬೇಸರ ಹುಟ್ಟಿಸಿ ಕಾರು ಲಪಟಾಯಿಸುವ ಹುನ್ನಾರ. ಮೊನ್ನೆ ತಾನೇ ಮಗಳು ಬಾಯಿಬಿಟ್ಟಿದ್ದಳಲ್ಲ, "ಅಪ್ಪಾ, ಇನ್ನು ಕೀಲಿ ನಮ್ಮನೇಲಿ ಇರ್ಲಿ" ಅಂತ.

ಕೇಡಿಗರಿಗೆ ಮದ್ದು ಪೇಟೆಯ ದೊಡ್ಡ ಟೈರಂಗಡಿಯಲ್ಲಿ ಸಿಕ್ಕಿತು: ರನ್-ಫ್ಲಾಟ್ ಟೈರು. ಟೈರಿನ ಪಕ್ಕೆಗಳೇ ಕಲ್ಲಿನಷ್ಟು ಗಟ್ಟಿ. ಗಾಳಿ ಪೂರ್ತಿ ಇಳಿದರೂ ನಿಧಾನವಾಗಿ ಎಂಬತ್ತು ಕಿಲೋಮೀಟರ್ ಓಡುತ್ತದೆ. ಅಂಗಡಿಯವನು ಕೊಟ್ಟ ಕರಪತ್ರವನ್ನು ಮೇಷ್ಟ್ರು ಮನೆಗೆ ತಂದು ಹೆಂಡತಿಯ ಮುಂದೆ ಹಿಡಿದರು. "ಓದು. ಇವರು ಅಕ್ಷರ ಇರುವೆ ಸಾಲಿನ ಹಾಗೆ ಹಾಕ್ತಾರೆ, ಮನುಷ್ಯರು ಓದೋ ಹಾಗಿಲ್ಲ."

ಹೆಂಡತಿ ಓದಿದರು. "ಇಂಥ ಸಾಧಾರಣ ಕಾರಿಗೆ ಇದೆಲ್ಲ ಯಾಕೆ? ಇನ್ನೆಷ್ಟು ದಿನ ಓಡಿಸ್ತೀರಿ?"

"ನೂರು ವರ್ಷ!"

ಸುದ್ದಿ ತಿಳಿದ ಪಂಕ್ಚರಿನವನು ಓಡಿಬಂದ. "ಬೇಡ ಮೇಷ್ಟ್ರೇ. ಈ ಕಾರು ಇಂಥ ಟೈರಿಗೆ ಅಂತ ಮಾಡಿದ್ದಲ್ಲ, ಹಳ್ಳ ಸಿಕ್ಕಿದ್ರೆ ಸೊಂಟ ಮುರಿಯುತ್ತೆ. ಗಾಳಿ ಹೋಗಿದ್ದೂ ಸ್ಟೀರಿಂಗ್ ಹಿಡಿದ ಕೈಗೆ ಗೊತ್ತಾಗಲ್ಲ. ನಿಲ್ಲಬೇಕಾದಾಗ ನಿಲ್ಲೋದೂ ಒಂದು ಸುರಕ್ಷತೆನೇ."

"ಹೊಟ್ಟೆಪಾಡಿಗೆ ಕುತ್ತು ಬಂತಲ್ಲ, ಅದಕ್ಕೆ ಈ ವೇದಾಂತ," ಎಂದರು ಮೇಷ್ಟ್ರು.

ಶುಕ್ರವಾರ ನಾಲ್ಕೂ ಹೊಸ ಟೈರು ಕೂತವು. ಗಾಳಿ ಇಳಿದರೆ ಎಚ್ಚರಿಸಲು ಸ್ಟೀರಿಂಗಿನ ಪಕ್ಕ ಒಂದು ಪುಟ್ಟ ಪರದೆಯನ್ನೂ ಅಂಟಿಸಿದರು. "ಇಲ್ಲಿ ಕೆಂಪು ದೀಪ ಮಿನುಗುತ್ತೆ ಸಾರ್, ನೋಡ್ತಾ ಇರಿ," ಎಂದ ಅಂಗಡಿಯವನು.

ಭಾನುವಾರ ಬೆಳಿಗ್ಗೆ ಹೆಂಡತಿ ಕಾರಿನ ಮುಂದೆ ಅಡ್ಡ ನಿಂತರು. "ಹೋಗಬೇಡಿ. ಟೈರಲ್ಲಿ ಗಾಳಿ ಇಲ್ಲ."

"ಇಲ್ದೇ ಇದ್ರೆ ಇಲ್ಲ! ಮೊದಲು ಬಡಾವಣೆಗೆ ಒಂದು ಸುತ್ತು ಹಾಕಿ ಬರ್ತೀನಿ, ಆಮೇಲೆ ಮೊಮ್ಮಗಳನ್ನ ಕರ್ಕೊಂಡು ಹೆದ್ದಾರಿಗೇ ಹೋಗ್ತೀನಿ. ಸರಿ ಪಕ್ಕಕ್ಕೆ."

ಕಾರು ಹೊರಟಿತು. ಸ್ವಲ್ಪ ಗಡಗಡ ಅಂದಿತು, ಅಷ್ಟೇ. ಮೇಷ್ಟ್ರು ಒಮ್ಮೆ ಪುಟ್ಟ ಪರದೆಯ ಕಡೆ ಕಣ್ಣಾಡಿಸಿದರು. ಕೆಂಪೂ ಇಲ್ಲ, ಗಿಂಪೂ ಇಲ್ಲ. ಗಾಳಿ ಇಲ್ಲವೆಂದು ಹೆಂಡತಿ ಬೊಗಳೆ ಬಿಟ್ಟದ್ದು ಖಾತ್ರಿಯಾಯಿತು. ಬೀದಿಯುದ್ದಕ್ಕೂ ವಾಹನಗಳು ಹಾರ್ನ್ ಹೊಡೆದವು. ಎಲ್ಲ ಹಳೆಯ ಶಿಷ್ಯರೇ ಇರಬೇಕು ಎಂದು ಮೇಷ್ಟ್ರು ಒಬ್ಬೊಬ್ಬರಿಗೂ ಕೈಬೀಸಿದರು. ನಾಲ್ಕು ರಸ್ತೆ ಸೇರುವಲ್ಲಿ ಯಾರೋ ಒಬ್ಬ ಭಕ್ತಿಯಿಂದ ಪಕ್ಕಕ್ಕೆ ಹಾರಿದ. ಗೌರವವೆಂದರೆ ಇದು.

ತಿರುಗಿ ಬಂದವರು ತೆರೆದ ಗೇಟಿನಲ್ಲಿ ನುಗ್ಗಿ, ಮೆತ್ತಗೆ ಏನನ್ನೋ ಏರಿ ನಿಂತರು. ಉದ್ದಕ್ಕೆ ಹಾರ್ನ್ ಹೊಡೆದರು. ಬಾಗಿಲು ತೆರೆದು ಆಕೆ ಹೊರಬಂದು, ಸೊಂಟಕ್ಕೆ ಕೈಯಿಟ್ಟು ಮೆಟ್ಟಿಲ ಮೇಲೆ ನಿಂತರು.

ಮೇಷ್ಟ್ರು ಎದೆಯುಬ್ಬಿಸಿ ಇಳಿದರು. "ನೋಡಿದೆಯೇನೇ? ಇಡೀ ಬಡಾವಣೆ ಸುತ್ತಿ ಬಂದೆ, ಒಂದು ಗೀರೂ ಇಲ್ಲ! ಆ ಪಂಕ್ಚರಿನವನ ಜೊತೆ ಸೇರಿ ಮೊಳೆ ಹೊಡೆದವಳು ನೀನೇ ಅಂತ ನನಗೆ ಗೊತ್ತು. ನಲವತ್ತು ವರ್ಷ ಸಂಸಾರ ಮಾಡಿದೀನಿ, ನಿನ್ನ ಮುಖ ನೋಡಿದ್ರೆ ಸಾಕು, ಕಳ್ಳತನ ಎದ್ದು ಕಾಣುತ್ತೆ!"

"ಮೇಷ್ಟ್ರೇ, ನಾನು ನಿಮ್ಮ ಹೆಂಡತಿ ಅಲ್ಲ, ಇದು ನಿಮ್ಮ ಮನೆಯೂ ಅಲ್ಲ, ಮೊದಲು ಕಾರನ್ನ ನಮ್ಮ ಹೂವಿನ ಪಾತಿಯಿಂದ ಇಳಿಸಿ, ಆಮೇಲೆ ಪಕ್ಕದ ಮನೆಗೆ ಹೋಗಿ, ನಿಮ್ಮ ಮೊಮ್ಮಗಳನ್ನ ಉಳಿಸೋಕೆ ವಾರವಾರ ಮೊಳೆ ಹೊಡೀತಿದ್ದ ಆ ತಾಯಿಗೆ ಕೈಮುಗೀರಿ."