ಕೊನೆಯ ಏಟು

ಆ ಹೆಂಗಸು ಔಷಧಿ ಅಂಗಡಿಯ ಗಾಜಿನ ಕೌಂಟರಿನ ಮೇಲೆ ಉಗುರಿನಿಂದ ತಟ್ಟಿದಳು. ಎರಡು ನಿಧಾನ, ಮೂರು ಬೇಗ. ಕೊನೆಯದೊಂದು ಬಾಕಿಯಿರುವಾಗ ಪಕ್ಕದಲ್ಲಿದ್ದ ಗಂಡ ಅವಳ ಕೈಯ ಮೇಲೆ ಕೈಯಿಟ್ಟು ಒತ್ತಿದ.

ಆಮೇಲೆ ಆ ಕೊನೆಯ ಏಟನ್ನು ತಾನೇ ತಟ್ಟಿದ.

ಕೌಂಟರಿನ ಈಚೆಗಿದ್ದ ಅಂಗಡಿಯಾಕೆಯ ಎದೆ ಝಲ್ಲೆಂದಿತು. ಇವನಿಗೆ ಗೊತ್ತು.

"ಮೆಟ್ಟಿಲು ಜಾರಿ ಬಿದ್ದಳು," ಎಂದ ಗಂಡ. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಅಂಚಿನಲ್ಲಿ ಒಡೆದ ದಪ್ಪ ದನಿ. "ನೋವಿಗೆ ಮಾತ್ರೆ, ಒಂದು ಮುಲಾಮು. ಹಾಗೇ ನನಗೆ ಗಂಟಲಿಗೆ ಚೀಪೋಕೆ ಏನಾದ್ರೂ ಕೊಡಿ."

"ಎಲ್ಲಿ ನೋವು ತಂಗಿ?"

"ತೋಳಲ್ಲಿ," ಗಂಡ ಹೇಳಿದ.

"ಯಾವಾಗಿಂದ?"

"ನಿನ್ನೆಯಿಂದ." ಅದನ್ನೂ ಅವನೇ ಹೇಳಿದ.

ಹೆಂಗಸು ತಲೆಯೆತ್ತಲಿಲ್ಲ. ರವಿಕೆಯ ತೋಳು ಸ್ವಲ್ಪ ಮೇಲೆ ಸರಿದು ನೀಲಿಗಟ್ಟಿದ ಕಲೆ ಕಾಣುತ್ತಿತ್ತು. ಮೆಟ್ಟಿಲಿಗೆ ಬೆರಳುಗಳಿರುವುದಿಲ್ಲ. ಈ ಕಲೆಗೆ ಇದ್ದವು.

ಆ ತಾಳ ಗೊತ್ತಿಲ್ಲದವರು ಊರಲ್ಲಿ ಯಾರೂ ಇರಲಿಲ್ಲ. ಇಪ್ಪತ್ತು ವರ್ಷದ ಹಿಂದೆ ರ‍್ಯಾಪ್ ಹಾಡುವ ಹುಡುಗನೊಬ್ಬ ತನ್ನ ತಂಡ ಬಿಟ್ಟು ಒಬ್ಬನೇ ಹಾಡಿದ ಮೊದಲ ಹಾಡು ಅದು. ಅಪ್ಪನ ಕೈಯಲ್ಲಿ ಏಟು ತಿನ್ನುವ ಅಮ್ಮ ಪಕ್ಕದ ಮನೆಯವರಿಗೆ ಕೇಳಲೆಂದು ಗೋಡೆ ತಟ್ಟುತ್ತಾಳೆ. ಮಂಚದ ಕೆಳಗೆ ಅಡಗಿದ ಮಗ ಅದನ್ನು ಕೇಳಿಸಿಕೊಳ್ಳುತ್ತಾನೆ. 'ತಟ್ಟು ಅಮ್ಮ ತಟ್ಟು, ಆಚೆ ಮನೆಯಲ್ಲಿ ಯಾರೋ ಎಚ್ಚರ ಇದ್ದಾರೆ.' ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಕಾಲೇಜಿನ ಬೆಂಚುಗಳ ಮೇಲೆ ವರ್ಷಗಟ್ಟಲೆ ಅದೇ ತಾಳ. ಹಾಡಿದವನ ಮುಖವನ್ನು ಮಾತ್ರ ಯಾರೂ ಸರಿಯಾಗಿ ಕಂಡಿರಲಿಲ್ಲ. ಮೂಗಿನವರೆಗೆ ಮುಸುಕೆಳೆದುಕೊಂಡೇ ವೇದಿಕೆ ಹತ್ತುತ್ತಿದ್ದ. ಆಮೇಲೆ ಹಾಡಿದ್ದು ಯಾವುದೂ ಹಿಡಿಸಲಿಲ್ಲ. ಹುಡುಗ ಮರೆಯಾದ, ಹಾಡು ಉಳಿಯಿತು.

ಉಳಿದದ್ದನ್ನು ಹೆಂಗಸರು ಬೇರೆ ಕೆಲಸಕ್ಕೆ ಇಟ್ಟುಕೊಂಡರು. ಯಾರು ಶುರು ಮಾಡಿದರೋ ತಿಳಿಯದು. ನರ್ಸುಗಳು, ಟೈಲರಮ್ಮಂದಿರು, ಔಷಧಿ ಅಂಗಡಿಯವರು ಒಬ್ಬರಿಂದೊಬ್ಬರು ಕಲಿತರು: ಹೆಣ್ಣೊಬ್ಬಳು ನಿಮ್ಮೆದುರು ಈ ತಾಳ ತಟ್ಟಿದರೆ ಏನೂ ಕೇಳಬೇಡಿ, ಏನಾದರೊಂದು ನೆವ ಹೇಳಿ ಒಳಗೆ ಕರೆದುಕೊಳ್ಳಿ. ಗಂಡಸರ ಕಿವಿಗೆ ಬೀಳದಂತೆ ಈ ಗುಟ್ಟನ್ನು ಕಾಪಾಡಿಕೊಂಡು ಬಂದಿದ್ದರು. ಅಂಗಡಿಯಾಕೆಯ ಅಕ್ಕನೇ ಒಮ್ಮೆ ಟೈಲರ್ ಅಂಗಡಿಯ ಮೇಜು ತಟ್ಟಿ ಬದುಕಿಕೊಂಡವಳು. ರೇಡಿಯೋದಲ್ಲಿ ಆ ಹಾಡು ಬಂದಾಗಲೆಲ್ಲ ಅಂಗಡಿಯಾಕೆ ಅದರ ದನಿ ಏರಿಸುತ್ತಿದ್ದಳು. ಎಲ್ಲಿದ್ದೀಯೋ ಮಾರಾಯ, ನಿನ್ನ ಹೊಟ್ಟೆ ತಣ್ಣಗಿರಲಿ ಎಂದು ಮನಸ್ಸಿನಲ್ಲೇ ಹರಸುತ್ತಿದ್ದಳು.

ಈಗ ಆ ಗುಟ್ಟು ಗಂಡಸೊಬ್ಬನಿಗೆ ತಿಳಿದುಹೋಗಿದೆ. ಇವಳನ್ನು ಹಾಗೇ ಮನೆಗೆ ಕಳಿಸಿದರೆ ನಾಳೆ ಇವಳ ಗತಿ?

"ಈ ಮಾತ್ರೆ ಕೊಡೋ ಮುಂಚೆ ಬಿಪಿ ನೋಡ್ಲೇಬೇಕು," ಎಂದಳು. ತನ್ನ ದನಿ ತನಗೇ ಬೇರೆ ಯಾರದೋ ಎನಿಸಿತು. "ಒಳಗೆ ಬಾ ತಂಗಿ. ನರ್ಸಕ್ಕ, ಒಬ್ರು ಬರ್ತಿದ್ದಾರೆ. ಬಿಪಿ, ಸ್ವಲ್ಪ ಬೇಗ."

ಹಿಂದಿನ ಕೋಣೆಯ ನರ್ಸಕ್ಕನಿಗೆ 'ಬೇಗ' ಎಂಬುದು ಸಾಕು. ಹಿತ್ತಿಲ ಬಾಗಿಲು ತೆಗೆಯಬೇಕು, ಪಕ್ಕದ ಬೀದಿಯ ಹೆಂಗಸರ ಆಸರೆಮನೆಯ ಕಾರಿಗೆ ಫೋನು ಮಾಡಬೇಕು.

"ನಾನೂ ಬರ್ತೀನಿ," ಗಂಡ ಹೆಜ್ಜೆ ಮುಂದಿಟ್ಟ.

"ಒಳಗೆ ಹೆಂಗಸರು ಇಂಜೆಕ್ಷನ್‌ಗೆ ಮಲಗಿದ್ದಾರೆ ಸಾರ್. ನಿಮ್ಮ ಮನೆಯವರು ಹಾಗೆ ಮಲಗಿದ್ದಾಗ ಬೇರೆ ಗಂಡಸರು ಬಂದ್ರೆ ನೀವೇ ಬೇಡ ಅಂತಿದ್ರಿ."

ಅವನು ನಿಂತ. ಹೆಂಡತಿ ಪರದೆಯ ಹಿಂದೆ ಸರಿಯುವವರೆಗೂ ನೋಡಿದ. ಅವಳು ತಿರುಗಿ ನೋಡಲಿಲ್ಲ.

ಅಂಗಡಿಯಾಕೆ ಮಾತ್ರೆ ಹುಡುಕಿದಳು. ಕಣ್ಣೆದುರೇ ಇದ್ದುದನ್ನು ಬಿಟ್ಟು ಉಳಿದ ಡಬ್ಬಿಗಳನ್ನೆಲ್ಲ ತೆಗೆದು ನೋಡಿದಳು. ಅವನ ಬೆರಳು ಗಾಜಿನ ಮೇಲೆ ಆಡುತ್ತಿತ್ತು. ಎರಡು ನಿಧಾನ, ಮೂರು ಬೇಗ, ಒಂದು. ತುಟಿ ಅದರ ಜೊತೆಗೇ ಅಲುಗುತ್ತಿತ್ತು.

"ಮನೇಲೂ ಇದೇ ಹುಚ್ಚು ಅವಳಿಗೆ," ಎಂದ. "ಪಾತ್ರೆ ತೊಳೆಯುವಾಗ್ಲೂ ತಟ್ತಾಳೆ. ಕೊನೆಯದನ್ನ ಮಾತ್ರ ಯಾವಾಗ್ಲೂ ತಡ ಮಾಡ್ತಾಳೆ. ಎಷ್ಟು ಸಲ ತಿದ್ದಿದ್ರೂ ಅಷ್ಟೇ."

"ತಿದ್ದೋದು ಅಂದ್ರೆ?"

"ತಿದ್ದೋದು ಅಂದ್ರೆ ತಿದ್ದೋದು." ನಕ್ಕ. "ಎಷ್ಟು ಹೊತ್ತು ಬೇಕು ಒಂದು ಬಿಪಿಗೆ?"

"ಮೆಷಿನ್ ಹಳೇದು ಸಾರ್. ನನ್ನ ಹಾಗೆ, ಕೂತ್ರೆ ಏಳೋದು ನಿಧಾನ."

ಈ ಸಲ ಅವನು ನಗಲಿಲ್ಲ. ಕೌಂಟರಿನ ಮೇಲೆ ಎರಡೂ ಕೈಯೂರಿ ಬಾಗಿದ. ದನಿ ತಗ್ಗಿಸಿದ.

"ನಾಟಕ ಸಾಕು. ಅವಳು ತಟ್ಟಿದಾಗ ನಿಮ್ಮ ಮುಖ ನೋಡಿದೆ. ಬಣ್ಣ ಹೋಯ್ತು. ಆಗಿಂದ ಡಬ್ಬಿ ಹುಡುಕ್ತಾನೇ ಇದ್ದೀರಿ. ನಿಮಗೆ ಗೊತ್ತಾಗೋಯ್ತು, ಅಲ್ವಾ?"

ಹಿತ್ತಿಲಲ್ಲಿ ಕಾರೊಂದು ಬಂದು ನಿಂತ ಸದ್ದು. ಅವನ ಕಣ್ಣು ಪರದೆಯತ್ತ ಹೊರಳಿತು.

"ಏನು ಗೊತ್ತಾಯ್ತು ಸಾರ್?" ಎಂದು ಆಕೆ ತಟ್ಟನೆ ಕೇಳಿದಳು. ಹೇಗಾದರೂ ಅವನ ಕಣ್ಣು ಇತ್ತ ತಿರುಗಬೇಕಿತ್ತು.

ತಿರುಗಿತು. ಹಿಂದೆ ಕಾರಿನ ಬಾಗಿಲು ಮುಚ್ಚಿತು, ಗಾಲಿಗಳು ಜಲ್ಲಿಕಲ್ಲಿನ ಮೇಲೆ ಹೊರಟವು. ಅವನಿಗೆ ಅದು ಕೇಳಿಸಲಿಲ್ಲ. ಅವನ ಗಮನವೆಲ್ಲ ಆಕೆಯ ಮುಖದ ಮೇಲಿತ್ತು. ಅವನು ಕೈ ಚಾಚಿದ. ಆಕೆ ಹಿಂದೆ ಸರಿದಳು. ಆ ಕೈ ಆಕೆಯ ಬಿಲ್ ಪುಸ್ತಕದ ಮೇಲಿದ್ದ ಪೆನ್ನನ್ನು ಎತ್ತಿಕೊಂಡಿತು, ಒಂದು ಖಾಲಿ ಮಾತ್ರೆ ಕವರನ್ನು ಹತ್ತಿರ ಎಳೆದುಕೊಂಡಿತು.

"ನಾಚ್ಕೋಬೇಡಿ, ಇಷ್ಟು ವರ್ಷ ಆದ್ಮೇಲೂ ಒಬ್ಬೊಬ್ಬರು ಗುರುತು ಹಿಡೀತಾರೆ," ಎಂದ, ಇಪ್ಪತ್ತು ವರ್ಷದಿಂದ ಆಕೆ ಹರಸುತ್ತಿದ್ದ ಅದೇ ದನಿಯಲ್ಲಿ. "ಹೌದು, ಆ ಮುಸುಕಿನ ಹುಡುಗ ನಾನೇ, ಯಾರ ಹೆಸರಿಗೆ ಸಹಿ ಹಾಕ್ಲಿ?"